ಹಳೇ ಲ್ಯಾಪ್‌ಟಾಪ್‌ಗೆ ಯಾವ ಟ್ರೇನ್ ಸಿಮ್ಯುಲೇಟರ್?

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಯಾವ ಟ್ರೇನ್ ಸಿಮ್ಯುಲೇಟರ್ (ಕಂಪ್ಯೂಟರ್‌ನಲ್ಲಿ ರೈಲು ಓಡಿಸುವ ಆಟ) ಆಡಬಹುದು, ಆಟದಲ್ಲಿ ರೈಲು ಯಾಕೆ ಪ್ಲಾಟ್‌ಫಾರ್ಮ್ ದಾಟಿ ಹೋಗುತ್ತದೆ ಅಂತ ಕೇಳಿದ್ದೀರಿ. ಮೊದಲೇ ದುಡ್ಡು ಹಾಕಬೇಡಿ. ಓಪನ್‌ಬಿವಿಇ, ಓಪನ್ ರೈಲ್ಸ್ ಅನ್ನೋ ಎರಡು ಸಿಮ್ಯುಲೇಟರ್‌ಗಳೂ ಉಚಿತ. 2001ರ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್‌ಗೆ ಮಾಡಿದ ಮಾರ್ಗಗಳೂ ಓಪನ್ ರೈಲ್ಸ್‌ನಲ್ಲಿ ಓಡುತ್ತವೆ. ಟ್ರೇನ್ ಸಿಮ್ ವರ್ಲ್ಡ್ ನೋಡೋಕೆ ಚೆಂದ, ಆದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ಒದ್ದಾಟ.

ಇನ್ನು ಬ್ರೇಕ್. ಕಾರಿನ ಹಾಗೆ ಒತ್ತಿದ ತಕ್ಷಣ ಹಿಡಿಯೋದಿಲ್ಲ. ರೈಲಿನ ಉದ್ದಕ್ಕೂ ಇರುವ ಬ್ರೇಕ್ ಪೈಪಿನಲ್ಲಿ ಗಾಳಿಯ ಒತ್ತಡ ಇಳಿಯಬೇಕು, ಆ ಇಳಿತ ಕೊನೆಯ ಬೋಗಿವರೆಗೂ ಮುಟ್ಟಬೇಕು. ಉದ್ದದ ಗೂಡ್ಸ್ ಆದರೆ ಇನ್ನೂ ಜಾಸ್ತಿ ಹೊತ್ತು. ಹಾಗಾಗಿ ದೂರದಲ್ಲೇ ಸ್ವಲ್ಪ ಬ್ರೇಕ್ ಹಾಕಿ, ಸ್ಪೀಡ್ ಇಳಿಯೋದನ್ನು ನೋಡಿ, ಆಮೇಲೆ ಇನ್ನಷ್ಟು. ನಿಲ್ಲುವ ಹೊತ್ತಿಗೆ ಸಡಿಲ ಬಿಡಿ, ಕುಲುಕಾಟ ಇರೋದಿಲ್ಲ. ಶುರುವಿನಲ್ಲಿ ನಾನೂ ಪ್ರತಿ ಸ್ಟೇಷನ್‌ನಲ್ಲಿ ಮೂರು ಬೋಗಿ ಮುಂದೆ ಹೋಗೇ ನಿಲ್ಲಿಸುತ್ತಿದ್ದೆ.