ದುಗ್ಧರಸಕ್ಕೆ ಹೃದಯವಿಲ್ಲದಿದ್ದರೆ ಅದು ಪಾದದಿಂದ ಮೇಲೇರುವುದು ಹೇಗೆ?

ನೀವು ಎರಡು ವಿಷಯ ಕೇಳಿದ್ದೀರಿ. ರಕ್ತವನ್ನು ನಡೆಸಲು ಹೃದಯವಿದೆ, ಜೀವಕೋಶಗಳ ನಡುವಿನಿಂದ ಬಸಿದು ದುಗ್ಧನಾಳಗಳಲ್ಲಿ ಹರಿಯುವ ದ್ರವವಾದ ದುಗ್ಧರಸಕ್ಕೆ (ಲಿಂಫ್) ಅಂಥದ್ದು ಇಲ್ಲವೆಂದು ಪಠ್ಯಪುಸ್ತಕ ಹೇಳುತ್ತದೆ, ಹಾಗಾದರೆ ಅದು ಪಾದದಿಂದ ಕುತ್ತಿಗೆಯವರೆಗೆ ಏರುವುದು ಹೇಗೆ ಎಂಬುದು ಒಂದು. ನಿಮ್ಮ ಅಜ್ಜಿಯ ಒಂದು ಕಾಲು ಬಾತುಕೊಂಡು, ರಾತ್ರಿ ಮಲಗಿ ಎದ್ದರೂ ಇಳಿಯದಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂಬುದು ಇನ್ನೊಂದು. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ನನ್ನ ಅಮ್ಮನ ಎಡಗಾಲಿಗೂ ಹಲವು ವರ್ಷಗಳಿಂದ ಇದೇ ತೊಂದರೆ. ಹಾಗಾಗಿ ಎರಡಕ್ಕೂ ಸೇರಿಸಿಯೇ ಉತ್ತರಿಸುತ್ತೇನೆ.

ನಮ್ಮ ಕಡೆಯ ಅಡಿಕೆ ತೋಟದಲ್ಲಿ ಒಮ್ಮೆ ನಡೆದವರಿಗೆ ಅರ್ಧ ವಿಷಯ ತಾನಾಗಿಯೇ ಹೊಳೆಯುತ್ತದೆ. ತೋಟಕ್ಕೆ ನೀರು ಹಾಯಿಸುವುದು ಎಷ್ಟು ಮುಖ್ಯವೋ, ಹೆಚ್ಚಾದ ನೀರು ಬಸಿದುಹೋಗುವುದೂ ಅಷ್ಟೇ ಮುಖ್ಯ. ಸಾಲುಗಳ ನಡುವೆ ನೀರು ಬಸಿಯಲು ತೋಡಿದ ಉಜಿರು ಕಣಿಯಲ್ಲಿ ಸೋಗೆ, ಮಣ್ಣು ತುಂಬಿದರೆ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ದೇಹದಲ್ಲಿ ನೀರು ಹಾಯಿಸುವ ಕೆಲಸ ರಕ್ತನಾಳಗಳದ್ದು, ಬಸಿಯುವ ಕೆಲಸ ದುಗ್ಧನಾಳಗಳದ್ದು. ಅತಿ ಸೂಕ್ಷ್ಮ ರಕ್ತನಾಳಗಳಾದ ಲೋಮನಾಳಗಳ ಗೋಡೆಯಿಂದ ದ್ರವ ಸದಾ ಜಿನುಗಿ ಜೀವಕೋಶಗಳ ನಡುವೆ ಸೇರುತ್ತಿರುತ್ತದೆ. ಹೀಗೆ ಜಿನುಗಿದ್ದರಲ್ಲಿ ದಿನಕ್ಕೆ ಸುಮಾರು 3 ಲೀಟರಿನಷ್ಟು ದುಗ್ಧನಾಳಗಳ ಮೂಲಕ ರಕ್ತಕ್ಕೆ ಮರಳುತ್ತದೆ. ನೀರಿಗಿಂತ ಮುಖ್ಯವಾದುದು ಅದರೊಂದಿಗೆ ಸೋರಿಹೋದ ಪ್ರೋಟೀನ್. ಒಮ್ಮೆ ಹೊರಬಿದ್ದ ಪ್ರೋಟೀನ್ ಕಣ ಲೋಮನಾಳದೊಳಕ್ಕೆ ಹಿಂದಿರುಗಲಾರದು. ಅದಕ್ಕಿರುವುದು ದುಗ್ಧನಾಳದ ದಾರಿ ಮಾತ್ರ. ಆ ದಾರಿ ದೇಹದಾದ್ಯಂತ ಪೂರ್ತಿ ಮುಚ್ಚಿಹೋದರೆ ಮನುಷ್ಯ ಒಂದು ದಿನ ಬದುಕುವುದೂ ಕಷ್ಟ.

ಈ ನಾಳಗಳು ಶುರುವಾಗುವ ರೀತಿ ನನಗೆ ಪ್ರತಿ ವರ್ಷ ಪಾಠ ಮಾಡುವಾಗಲೂ ಬೆರಗು ಹುಟ್ಟಿಸುತ್ತದೆ. ರಕ್ತನಾಳಗಳದ್ದು ಸುತ್ತಿ ಬಂದು ಸೇರುವ ಜಾಲ. ದುಗ್ಧನಾಳದ ತುದಿಯಾದರೋ ಕೈಗವಸಿನ ಬೆರಳಿನಂತೆ ಮುಚ್ಚಿಕೊಂಡಿರುತ್ತದೆ. ಅದರ ಗೋಡೆಯ ಕೋಶಗಳು ಹಂಚಿನ ಮಾಡಿನಲ್ಲಿ ಒಂದು ಹಂಚಿನ ಅಂಚು ಇನ್ನೊಂದರ ಮೇಲೆ ಕುಳಿತಂತೆ ಕುಳಿತಿರುತ್ತವೆ. ಕೋಶಗಳನ್ನು ಸುತ್ತಲಿನ ಅಂಗಾಂಶಕ್ಕೆ ನವಿರಾದ ಎಳೆಗಳು ಕಟ್ಟಿಹಾಕಿರುತ್ತವೆ. ಹೊರಗೆ ದ್ರವ ಹೆಚ್ಚಿ ಜಾಗ ಉಬ್ಬಿದಾಗ ಈ ಎಳೆಗಳು ಬಿಗಿದು ಅಂಚುಗಳನ್ನು ಎಳೆಯುತ್ತವೆ, ಬಾಗಿಲು ತೆರೆದುಕೊಳ್ಳುತ್ತದೆ. ಒಳಗೆ ದ್ರವ ತುಂಬಿದೊಡನೆ ಅದೇ ಒತ್ತಡಕ್ಕೆ ಅಂಚುಗಳು ಮುಚ್ಚಿಕೊಳ್ಳುತ್ತವೆ. ಅಂದರೆ ಊತವೇ ತನ್ನ ಬಾಗಿಲನ್ನು ತೆರೆಯುತ್ತದೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ದುಗ್ಧರಸಕ್ಕೆ ಪಂಪ್ ಇಲ್ಲ ಎನ್ನುವುದು ಅರ್ಧ ಸತ್ಯ. ಹೃದಯದಂಥ ಒಂದು ದೊಡ್ಡ ಪಂಪ್ ಇಲ್ಲ, ಆದರೆ ಸಾವಿರಾರು ಪುಟ್ಟ ಪಂಪುಗಳಿವೆ. ದೊಡ್ಡ ದುಗ್ಧನಾಳಗಳ ಒಳಗೆ ಉದ್ದಕ್ಕೂ ಕವಾಟಗಳಿವೆ, ಅವು ಮೇಲಕ್ಕೆ ಮಾತ್ರ ಬಿಡುತ್ತವೆ. ಎರಡು ಕವಾಟಗಳ ನಡುವಿನ ತುಂಡಿನ ಗೋಡೆಯಲ್ಲಿ ಸ್ನಾಯುವಿದ್ದು, ಅದು ದ್ರವ ತುಂಬಿದಾಗ ತಾನಾಗಿಯೇ ಸಂಕುಚಿಸಿ, ನಿಮಿಷಕ್ಕೆ ಹಲವು ಬಾರಿ, ಮುಂದಿನ ತುಂಡಿಗೆ ದಾಟಿಸುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ನಾಳವನ್ನು ಹಿಂಡುತ್ತದೆ. ಪಕ್ಕದ ಅಪಧಮನಿಯ ಮಿಡಿತವೂ ಒತ್ತುತ್ತದೆ. ದೀರ್ಘವಾಗಿ ಉಸಿರೆಳೆದಾಗ ಎದೆಯೊಳಗಿನ ಒತ್ತಡ ಇಳಿದು ಕೆಳಗಿನ ದ್ರವ ಮೇಲಕ್ಕೆ ಸೆಳೆಯಲ್ಪಡುತ್ತದೆ. ದಿನವಿಡೀ ಕಾಲು ಇಳಿಬಿಟ್ಟು ಕುಳಿತವರ ಪಾದ ಸಂಜೆಗೆ ಭಾರವಾಗುವುದಕ್ಕೆ ಈ ಸಹಾಯ ಸಿಗದಿರುವುದೂ ಒಂದು ಕಾರಣ.

ದಾರಿಯಲ್ಲಿ ತಪಾಸಣೆಯೂ ನಡೆಯುತ್ತದೆ. ದೇಹದಲ್ಲಿ ಸುಮಾರು 500ರಿಂದ 600 ದುಗ್ಧಗ್ರಂಥಿಗಳಿವೆ, ಸಾಸಿವೆ ಕಾಳಿನಿಂದ ಅವರೆ ಕಾಳಿನ ಗಾತ್ರದವರೆಗೆ. ತೊಡೆಸಂದು, ಕಂಕುಳು, ಕುತ್ತಿಗೆ, ಹೊಟ್ಟೆಯೊಳಗೆ ಅವು ಗುಂಪಾಗಿವೆ. ಗ್ರಂಥಿಯೊಳಕ್ಕೆ ಹಲವು ನಾಳಗಳು ಬರುತ್ತವೆ, ಹೊರಗೆ ಹೋಗುವುದು ಒಂದೋ ಎರಡೋ. ಆದ್ದರಿಂದ ಹರಿವು ಅಲ್ಲಿ ನಿಧಾನವಾಗುತ್ತದೆ, ರೋಗಾಣುಗಳನ್ನು ಹಿಡಿಯಲು ಸಮಯ ಸಿಗುತ್ತದೆ. ಗಾಯದ ಜಾಗದಿಂದ ಕೆಲವು ಕೋಶಗಳು ರೋಗಾಣುವಿನ ಚೂರನ್ನು ಹೊತ್ತು ಬಂದು ಇಲ್ಲಿ ತೋರಿಸುತ್ತವೆ. ಸಾಲಾಗಿ ಹಾದುಹೋಗುವ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳಲ್ಲಿ ಆ ಚೂರಿಗೆ ಸರಿಹೊಂದುವ ಒಂದು ಸಿಕ್ಕಿದರೆ ಅದು ಬಹುಬೇಗ ಸಾವಿರಗಟ್ಟಲೆಯಾಗಿ ವೃದ್ಧಿಸುತ್ತದೆ. ಬರಿಗಾಲಲ್ಲಿ ಹುಲ್ಲು ಹೆರೆಯಲು ಹೋಗಿ ಪಾದಕ್ಕೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ನೋಯುವ ಗಂಟು ಕಟ್ಟುವುದು ಇದರಿಂದಲೇ. ಹೊಟ್ಟೆಯ ಎಡಭಾಗದ ಗುಲ್ಮ, ಎದೆಯ ಥೈಮಸ್, ಗಂಟಲಿನ ಟಾನ್ಸಿಲ್ ಇದೇ ಕುಟುಂಬದವು. ಗುಲ್ಮ ಮಾತ್ರ ದುಗ್ಧರಸವನ್ನಲ್ಲ, ರಕ್ತವನ್ನೇ ಸೋಸುತ್ತದೆ.

ದುಗ್ಧ ಎಂದರೆ ಹಾಲು. ಕಾಲಿನ ದುಗ್ಧರಸ ತಿಳಿಯಾಗಿರುತ್ತದಲ್ಲ, ಈ ಹೆಸರೇಕೆ ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಇರುವುದು ಸಣ್ಣ ಕರುಳಿನಲ್ಲಿ. ತುಪ್ಪ, ಎಣ್ಣೆಯಂಥ ಜಿಡ್ಡಿನ ಹೆಚ್ಚಿನ ಪಾಲು ನೇರವಾಗಿ ರಕ್ತಕ್ಕೆ ಹೋಗದೆ ಕರುಳಿನ ದುಗ್ಧನಾಳಗಳನ್ನು ಸೇರುತ್ತದೆ. ಊಟವಾದ ಮೇಲೆ ಆ ನಾಳಗಳಲ್ಲಿ ಹರಿಯುವುದು ನಿಜಕ್ಕೂ ಹಾಲಿನ ಬಣ್ಣದ ದ್ರವ. 1622ರಲ್ಲಿ ಇಟಲಿಯ ಗ್ಯಾಸ್ಪರೆ ಅಸೆಲ್ಲಿ ಆಗಷ್ಟೇ ಉಂಡಿದ್ದ ನಾಯಿಯ ಹೊಟ್ಟೆಯನ್ನು ಸೀಳಿದಾಗ ಬಿಳಿಯ ಎಳೆಗಳನ್ನು ಕಂಡರು. ಮೊದಲು ನರಗಳೆಂದುಕೊಂಡು ಒಂದನ್ನು ಕತ್ತರಿಸಿದರು, ಹಾಲಿನಂಥದ್ದು ಚಿಮ್ಮಿತು. ಉಪವಾಸವಿದ್ದ ನಾಯಿಯಲ್ಲಿ ಅವು ಕಾಣಲೇ ಇಲ್ಲ. ಅವು ಯಕೃತ್ತಿಗೆ ಹೋಗುತ್ತವೆಂದು ಅಸೆಲ್ಲಿ ನಂಬಿದ್ದರು. ಅವು ಎದೆಯ ದೊಡ್ಡ ನಾಳದ ಮೂಲಕ ಕುತ್ತಿಗೆಯ ಬುಡದ ಅಭಿಧಮನಿಗೆ ಸೇರುತ್ತವೆಂದು 1651ರಲ್ಲಿ ಫ್ರಾನ್ಸಿನ ಜಾನ್ ಪೆಕೆ ತೋರಿಸಿದರು.

ಆ ಎದೆಯ ನಾಳ ಸುಮಾರು 40 ಸೆಂಟಿಮೀಟರ್ ಉದ್ದ. ಎರಡೂ ಕಾಲು, ಹೊಟ್ಟೆ, ದೇಹದ ಎಡ ಮೇಲ್ಭಾಗದ ದುಗ್ಧರಸವೆಲ್ಲ ಅದರಲ್ಲಿ ಬಂದು ಎಡಗಡೆ ರಕ್ತಕ್ಕೆ ಸೇರುತ್ತದೆ. ಬಲಗೈ, ತಲೆ ಮತ್ತು ಎದೆಯ ಬಲಭಾಗಕ್ಕೆ ಮಾತ್ರ ಬೇರೆ ಚಿಕ್ಕ ನಾಳ. ಇದನ್ನು ಬರಿಯ ಪರೀಕ್ಷೆಯ ವಿಷಯವೆಂದು ಬಿಡಬೇಡಿ. ಎಡಗಡೆಯ ಕೊರಳೆಲುಬಿನ ಮೇಲೆ ನೋವಿಲ್ಲದ ಗಟ್ಟಿ ಗಂಟು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹೊಟ್ಟೆಯೊಳಗಿನ ಕ್ಯಾನ್ಸರ್ ಇದೇ ದಾರಿಯಲ್ಲಿ ಅಲ್ಲಿಗೆ ತಲುಪಿರಬಹುದು. ಮಿದುಳಿಗೆ ಈ ವ್ಯವಸ್ಥೆಯೇ ಇಲ್ಲವೆಂದು ನಾನು ಓದಿದ ಪುಸ್ತಕಗಳಲ್ಲಿತ್ತು. 2015ರಲ್ಲಿ ಇಲಿಗಳ ಮಿದುಳಿನ ಹೊರಪೊರೆಯಲ್ಲಿ ದುಗ್ಧನಾಳಗಳಿರುವುದನ್ನು ಸಂಶೋಧಕರು ತೋರಿಸಿದ ಮೇಲೆ ನಾನೂ ಪಾಠ ತಿದ್ದಿಕೊಂಡೆ.

ಈಗ ಕಾಲಿನ ವಿಷಯ. ಅಮ್ಮನಿಗೆ ಆದದ್ದು ಆನೆಕಾಲು ರೋಗ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ತರುವ ನೂಲಿನಂಥ ಹುಳುಗಳು ದುಗ್ಧನಾಳದೊಳಗೆ ವರ್ಷಗಟ್ಟಲೆ ಬದುಕುತ್ತವೆ. ನಾಳ ಹಿಗ್ಗಿ ಕವಾಟಗಳು ಕೆಡುತ್ತವೆ, ದ್ರವ ಕೆಳಗೇ ನಿಲ್ಲುತ್ತದೆ. ಹುಳುಗಳ ಮರಿಗಳು ರಕ್ತದಲ್ಲಿ ಹೆಚ್ಚಾಗಿ ಕಾಣುವುದು ರಾತ್ರಿ. ಆರೋಗ್ಯ ಕಾರ್ಯಕರ್ತರು ರಾತ್ರಿ ಹೊತ್ತು ಮನೆಗೆ ಬಂದು ಬೆರಳಿನಿಂದ ರಕ್ತ ತೆಗೆದದ್ದನ್ನು ಅಮ್ಮ ಇಂದಿಗೂ ನೆನೆಯುತ್ತಾಳೆ. ಒಬ್ಬ ವೈದ್ಯರು ತಿಂಗಳುಗಟ್ಟಲೆ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರು, ಕಾಲು ಇಳಿಯಲಿಲ್ಲ. ಇಳಿಯುವಂತಿರಲಿಲ್ಲ. ಮಾತ್ರೆ ನೀರನ್ನು ತೆಗೆಯುತ್ತದೆ, ಪ್ರೋಟೀನ್ ಅಲ್ಲೇ ಉಳಿದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ. ಆ ತಿಂಗಳುಗಳು ವ್ಯರ್ಥವಾದದ್ದು ನನಗೆ ಇವತ್ತಿಗೂ ನೋವಿನ ಸಂಗತಿ.

ನಿಮ್ಮ ಅಜ್ಜಿಯ ಕಾಲಿನ ಎರಡನೆಯ ಬೆರಳಿನ ಬುಡದ ಚರ್ಮವನ್ನು ಮೆಲ್ಲಗೆ ಚಿವುಟಿ ಮೇಲೆತ್ತಿ ನೋಡಿ. ದಪ್ಪಗಾಗಿ, ಚಿವುಟಲು ಸಿಗದಿದ್ದರೆ ದುಗ್ಧರಸದ ಊತವೆಂಬ ಶಂಕೆ ಬಲವಾಗುತ್ತದೆ. ಸಿಕ್ಕಿದರೂ ಅಲ್ಲವೆಂದು ಹೇಳಲಾಗದು, ತೀರ್ಮಾನ ವೈದ್ಯರದ್ದು. ಎರಡೂ ಕಾಲು ಬಾತಿದ್ದರೆ ಹೃದಯ, ಮೂತ್ರಪಿಂಡಗಳನ್ನೂ ನೋಡಬೇಕಾಗುತ್ತದೆ. ಒಂದು ಕಾಲು ಇದ್ದಕ್ಕಿದ್ದಂತೆ ನೋವಿನೊಂದಿಗೆ ಬಾತರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಮ್ಮ ಕಾಸರಗೋಡಿನಲ್ಲೇ ಇರುವ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆಧುನಿಕ ವೈದ್ಯ, ಆಯುರ್ವೇದ, ಯೋಗ ಮೂರನ್ನೂ ಸೇರಿಸಿ ಇಂಥ ಕಾಲುಗಳಿಗೆ ಚಿಕಿತ್ಸೆ ಕೊಡುತ್ತಿದೆ. ಕಾಲು ತೊಳೆಯುವುದು, ಬೆರಳಿನಿಂದ ಮೇಲಕ್ಕೆ ಪಟ್ಟಿ ಸುತ್ತುವುದು, ಕಾಲನ್ನು ಆಡಿಸುತ್ತ ದೀರ್ಘವಾಗಿ ಉಸಿರಾಡುವುದು ಏಕೆ ಮುಖ್ಯವೆಂದು ಮೇಲಿನದ್ದನ್ನು ಓದಿದ ನಿಮಗೆ ಹೇಳಬೇಕಾಗಿಲ್ಲ. ಕಾಲು ಕೆಡುವುದು ಹುಳುವಿನಿಂದ ಮಾತ್ರವಲ್ಲ. ಬೆರಳಸಂದಿನ ಸಣ್ಣ ಬಿರುಕಿನಲ್ಲಿ ರೋಗಾಣು ಹೊಕ್ಕು ಚಳಿಜ್ವರ ಬಂದಾಗಲೆಲ್ಲ ಉಳಿದ ನಾಳಗಳೂ ಹಾಳಾಗುತ್ತವೆ. ಅದಕ್ಕೇ ನಾನು ಸಂಜೆ ಶಾಲೆಯಿಂದ ಬಂದು ಅಮ್ಮನ ಕಾಲನ್ನು ಸಾಬೂನಿನಿಂದ ತೊಳೆದು, ಹಳೆಯ ಹತ್ತಿ ಸೀರೆಯ ತುಂಡಿನಿಂದ ಒಂದೊಂದೇ ಬೆರಳಸಂದನ್ನು ಒತ್ತಿ ಒರೆಸುತ್ತೇನೆ. ಕಿರುಬೆರಳಿನ ಸಂದು ಬಹಳ ಇಕ್ಕಟ್ಟು, ಅಲ್ಲಿಗೆ ಬಟ್ಟೆಯ ಮೂಲೆಯನ್ನು ಸುರುಳಿ ಸುತ್ತಿ ತೂರಿಸಬೇಕು.