ವಿಳಾಸ ತಿಳಿಸಿದರೂ ವಲಸೆ ನ್ಯಾಯಾಲಯದ ನೋಟಿಸ್ ಬಂದಿಲ್ಲ: ಪ್ರತಿಕ್ರಿಯೆ
ನೀವು ನೆರವಾಗುತ್ತಿರುವ ಆಶ್ರಯಾರ್ಥಿ ಮನೆ ಬದಲಿಸಿ ಎಆರ್-11 (ವಿಳಾಸ ಬದಲಾವಣೆಯ ಫಾರಂ) ತುಂಬಿದ್ದರೂ ನೋಟಿಸ್ ಬಾರದಿರಲು ಬಹುಶಃ ಕಾರಣ ಇಷ್ಟೇ: ಅಮೆರಿಕದಲ್ಲಿ ಆ ಫಾರಂ ವಲಸೆ ಅರ್ಜಿಗಳನ್ನು ನೋಡಿಕೊಳ್ಳುವ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಹೋಗುತ್ತದೆ, ನ್ಯಾಯಾಲಯಕ್ಕಲ್ಲ.

ಮೊದಲು ವಲಸೆ ನ್ಯಾಯಾಲಯಗಳನ್ನು ನಡೆಸುವ ಇಒಐಆರ್ ಕಚೇರಿಯ ಜಾಲತಾಣದಲ್ಲಿ ಅವರ 'ಎ' ನಂಬರ್ (ವಲಸೆ ಕಡತದ ಗುರುತಿನ ಸಂಖ್ಯೆ) ಹಾಕಿ ವಿಚಾರಣೆಯ ದಿನಾಂಕ ನೋಡಿ. ನಂಬರ್ 9 ಅಂಕಿ ಇರಬೇಕು. ಎಂಟೇ ಇದ್ದರೆ ಮುಂದೆ ಸೊನ್ನೆ ಸೇರಿಸಿ. ಬಳಿಕ ಇವತ್ತೇ ನ್ಯಾಯಾಲಯಕ್ಕೆ ವಿಳಾಸ ಬದಲಾವಣೆ ತಿಳಿಸುವ ಫಾರಂ ಇಒಐಆರ್-33 ಸಲ್ಲಿಸಿ. ಗಡುವು ವಿಳಾಸ ಬದಲಾದಂದಿನಿಂದ 5 ದಿನ, ಮೀರಿದ್ದರೂ ಕೊಡಿ. ಒಂದು ಪ್ರತಿ ಸರ್ಕಾರದ ವಕೀಲರಿಗೂ ತಲುಪಬೇಕು, ಇದನ್ನೇ ಹೆಚ್ಚಿನವರು ಮರೆಯುವುದು.

ಗೈರುಹಾಜರಿಯಲ್ಲಿ ಗಡೀಪಾರು ಆದೇಶ ಆಗಿಬಿಟ್ಟಿದೆಯೇ? ದಯವಿಟ್ಟು ನೀವೇ ಅರ್ಜಿ ಬರೆಯಲು ಹೋಗಬೇಡಿ. ನೋಟಿಸ್ ತಲುಪಿಲ್ಲ ಎಂಬ ಆಧಾರದಲ್ಲಿ ಪ್ರಕರಣವನ್ನು ಮತ್ತೆ ತೆರೆಯಲು ಕೋರುವ ಅರ್ಜಿಗೆ ಕಾಲಮಿತಿ ಇಲ್ಲ. ಅನಾರೋಗ್ಯದಂಥ ಅಸಾಧಾರಣ ಕಾರಣಕ್ಕಾದರೆ ಆದೇಶದಿಂದ 180 ದಿನ. ನ್ಯಾಯಾಲಯಕ್ಕೆ ವಿಳಾಸ ತಿಳಿಸದಿದ್ದದ್ದು ಮೊದಲ ವಾದವನ್ನು ಕೆಡಿಸಬಹುದು. ಆದ್ದರಿಂದ ಹಳೆಯ ಲಕೋಟೆ, ಎಆರ್-11ರ ರಸೀದಿ ಸಮೇತ ಅಂದೇ ವಕೀಲರ ಬಳಿ ಕರೆದೊಯ್ಯಿರಿ.