‘ಗ್ಯಾರೇಜಿನ ನಿಧಿ’ ಲೇಖನದ ಬಗ್ಗೆ ಸಂಪಾದಕರ ಉತ್ತರ

ಮಾನ್ಯರೇ,

ಸಿನ್ಸಿನಾಟಿಯಿಂದ ನೀವು ಕಳುಹಿಸಿದ ‘ಗ್ಯಾರೇಜಿನ ನಿಧಿ’ ಲೇಖನವನ್ನು ಗಮನವಿಟ್ಟು ಓದಿದೆ. ನೆರೆಯವರು ಮನೆ ಖಾಲಿ ಮಾಡುವಾಗ ನಿಮಗೆ ಮಾರಿದ ಎಂಜಿನ್ ಬ್ಲಾಕ್ (ಸಿಲಿಂಡರುಗಳಿರುವ ಎರಕದ ಒಡಲು) 1969ರ ಶೆವ್ರೊಲೆ ಕಮಾರೊ ಝಡ್/28 ಕಾರಿನದೆಂದು ತೀರ್ಮಾನಿಸಿ, ಅದಕ್ಕೆ ದೊಡ್ಡ ಬೆಲೆಯನ್ನೂ ಕಟ್ಟಿದ್ದೀರಿ. ಈ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ನೀವು ಮುಂದಿಟ್ಟ ಸಾಕ್ಷ್ಯ ಆ ತೀರ್ಮಾನವನ್ನು ಹೊರುವಷ್ಟು ಗಟ್ಟಿಯಾಗಿಲ್ಲ. ಒಂದು ಕಡೆಯಂತೂ ಅದು ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಬ್ಲಾಕಿನ ಹಿಂಬದಿಯ ಅಂಚಿನಲ್ಲಿ ಉಬ್ಬಿನಿಂತಿರುವ 3970010 ಎಂಬ ಎರಕ ಸಂಖ್ಯೆಯೇ ನಿಮ್ಮ ವಾದದ ತಳಹದಿ. ಆ ಸಂಖ್ಯೆಯ ಬ್ಲಾಕುಗಳು ಝಡ್/28ರ 302 ಘನ ಇಂಚಿನ ಎಂಜಿನ್ನಿಗೆ ಹೋದದ್ದು ನಿಜ. ಆದರೆ ಅದೇ ಎರಕ 350 ಘನ ಇಂಚಿನ ಎಂಜಿನ್ನಾಗಿ 1970ರ ದಶಕದುದ್ದಕ್ಕೂ ಸಾಮಾನ್ಯ ಕಾರುಗಳಿಗೂ ಟ್ರಕ್ಕುಗಳಿಗೂ ಹೋಯಿತು. 1969ರಲ್ಲಿ ತಯಾರಾದ ಝಡ್/28 ಕಾರುಗಳು ಒಟ್ಟು 20,302 ಮಾತ್ರ. ಹಾಗಾಗಿ ಈ ಸಂಖ್ಯೆ ಕಂಡಾಗ ಮೊದಲು ಬರಬೇಕಾದ ಊಹೆ ಸಾಧಾರಣ 350ರದ್ದು. ಬ್ಲಾಕಿನ ಮೇಲಿನ ದಿನಾಂಕ ‘ಸಿ 14 9’ ಎಂದು ಬರೆದು, ಅದನ್ನು 1969ರ ಮಾರ್ಚ್ 14 ಎಂದು ಓದಿದ್ದೀರಿ. ಅಕ್ಷರ ತಿಂಗಳನ್ನೂ ಕೊನೆಯ ಅಂಕಿ ವರ್ಷದ ಕೊನೆಯ ಅಂಕಿಯನ್ನೂ ಸೂಚಿಸುವುದು ಸರಿಯೇ. ಆದರೆ ದಶಕವನ್ನು ಹೇಳದ ಆ 9 ಎಂಬುದು 1979 ಕೂಡ ಆಗಬಹುದಲ್ಲವೇ?

ಸಿಲಿಂಡರಿನ ಬೋರ್, ಅಂದರೆ ಒಳವ್ಯಾಸ, ಅಳೆದು ಸರಿಯಾಗಿ 4 ಇಂಚು ಬಂದಿತೆಂದು ಸಂಭ್ರಮಿಸಿರುವ ಭಾಗವನ್ನು ಪೂರ್ತಿ ತೆಗೆದುಹಾಕಿ. 302, 327, 350 ಘನ ಇಂಚಿನ ಎಂಜಿನ್ನುಗಳು ಮೂರಕ್ಕೂ ಬೋರ್ ಅಷ್ಟೇ. ವ್ಯತ್ಯಾಸವಿರುವುದು ಪಿಸ್ಟನ್ನುಗಳಿಗೆ ಜೋಡಿಸಿದ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ಕೊಡುವ ಸ್ಟ್ರೋಕಿನಲ್ಲಿ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರದಲ್ಲಿ), ಅಂದರೆ ಕ್ರಮವಾಗಿ 3, 3.25 ಮತ್ತು 3.48 ಇಂಚುಗಳಲ್ಲಿ, ನಿಮ್ಮ ಬಳಿಯಾದರೋ ಕ್ರ್ಯಾಂಕ್ ಇಲ್ಲ. ಟ್ರಾನ್ಸ್-ಆ್ಯಮ್ ಎಂಬ ಕಾರು ಓಟದ ಸರಣಿಯ 5 ಲೀಟರ್ ಮಿತಿಯೊಳಗೆ ನಿಲ್ಲಬೇಕೆಂದು ಶೆವ್ರೊಲೆಯವರು 327ರ ಬೋರಿಗೆ 283 ಘನ ಇಂಚಿನ ಎಂಜಿನ್ನಿನ ಸ್ಟ್ರೋಕನ್ನು ಕೂಡಿಸಿ 302 ಅನ್ನು ರೂಪಿಸಿದ ಕಥೆ ಇಲ್ಲಿ ತಾನಾಗಿ ಬರಬೇಕಿತ್ತು. ಅದು ಬಂದಿದ್ದರೆ ಬರಿಯ ಬ್ಲಾಕ್ ಏಕೆ ಇಷ್ಟು ಸುಲಭವಾಗಿ ಮೋಸಗೊಳಿಸುತ್ತದೆಂಬುದು ಓದುಗರಿಗೂ ತಿಳಿಯುತ್ತಿತ್ತು.

ಇನ್ನು ವಿರುದ್ಧ ಸಾಕ್ಷಿಯ ಮಾತು. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಐದು ಮೇನ್ ಕ್ಯಾಪುಗಳನ್ನೂ ಎರಡೆರಡು ಬೋಲ್ಟುಗಳು ಹಿಡಿದಿವೆ ಎಂದು ವರ್ಣನೆಯ ಭರದಲ್ಲಿ ನೀವೇ ಬರೆದಿದ್ದೀರಿ. 1969ರ 302ರಲ್ಲಿ ನಡುವಿನ ಮೂರು ಕ್ಯಾಪುಗಳಿಗೆ ನಾಲ್ಕು ನಾಲ್ಕು ಬೋಲ್ಟುಗಳಿರುತ್ತವೆ. ಈ ಒಂದು ವಾಕ್ಯ ನಿಮ್ಮ ಶೀರ್ಷಿಕೆಯನ್ನೇ ಕೆಡವುತ್ತದೆ, ಆದರೂ ಅದನ್ನು ದಾಟಿ ಮುಂದೆ ಹೋಗಿದ್ದೀರಿ.

ನೀವು ನೋಡಲೇಬೇಕಿದ್ದ ಜಾಗ ಬ್ಲಾಕಿನ ಮುಂಭಾಗದಲ್ಲಿ, ಬಲಬದಿಯ ಸಿಲಿಂಡರ್ ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಮುಂದೆ ಇರುವ ಸಣ್ಣ ನಯಗೊಳಿಸಿದ ಪಟ್ಟಿ. ಎರಕದಲ್ಲಿ ಮೂಡಿದ ಅಂಕಿಗಳು ಬ್ಲಾಕಿನ ಜಾತಿಯನ್ನಷ್ಟೇ ಹೇಳುತ್ತವೆ. ಜೋಡಣೆಯ ನಂತರ ಈ ಪಟ್ಟಿಯ ಮೇಲೆ ಕೊರೆದ ಅಕ್ಷರಗಳು ಆ ನಿರ್ದಿಷ್ಟ ಎಂಜಿನ್ನಿನ ಗುರುತನ್ನು ಹೇಳುತ್ತವೆ. ‘ವಿ 0415 ಡಿಝಡ್’ ಎಂದಿದ್ದರೆ ಫ್ಲಿಂಟ್ ಕಾರ್ಖಾನೆ, ಏಪ್ರಿಲ್ 15, 1969ರ ಝಡ್/28ರ 302 ಎಂದರ್ಥ. ಅದರ ಪಕ್ಕದಲ್ಲೋ ಆಯಿಲ್ ಫಿಲ್ಟರ್ ಕೂರುವ ಜಾಗದ ಬಳಿಯೋ ಕಾರಿನ ಗುರುತು ಸಂಖ್ಯೆಯ ಭಾಗವೂ ಇರಬೇಕು. ನಾರ್ವುಡ್‌ನಲ್ಲಿ ತಯಾರಾದ 1969ರ ಕಮಾರೊ ಆದರೆ ಅದು ‘19ಎನ್’ ಎಂದು ಆರಂಭವಾಗುತ್ತದೆ. (1987ರಲ್ಲಿ ಮುಚ್ಚಿದ ಆ ಕಾರ್ಖಾನೆ ನಿಮ್ಮ ಊರಿಗೆ ಅಂಟಿಕೊಂಡೇ ಇತ್ತು, ಲೇಖನದಲ್ಲಿ ಅದರ ಹೆಸರೂ ಇಲ್ಲದಿರುವುದು ನನಗೆ ಸೋಜಿಗ.) ಪಟ್ಟಿಯನ್ನು ಕಾರ್ಖಾನೆಯಲ್ಲಿ ತರಿದಾಗ ಉಳಿದ ಸೂಕ್ಷ್ಮ ಗೀರುಗಳು ಅಕ್ಷರಗಳ ಕೆಳಗೆ ಕಾಣಬೇಕು. ಅವು ಅಳಿಸಿಹೋಗಿ ಅಕ್ಷರಗಳು ಮಾತ್ರ ಸ್ಪಷ್ಟವಾಗಿದ್ದರೆ, ಯಾರೋ ಮೇಲ್ಮೈಯನ್ನು ತರಿದು ಹೊಸದಾಗಿ ಕೊರೆದಿದ್ದಾರೆಂದು ಅನುಮಾನಿಸಬೇಕಾಗುತ್ತದೆ.

ಬೆಲೆಯ ಭಾಗ ಅತ್ಯಂತ ದುರ್ಬಲವಾಗಿದೆ. ಜಾಹೀರಾತಿನಲ್ಲಿ ಮಾರುವವರು ಕೇಳಿದ ಮೊತ್ತವನ್ನೇ ಬೆಲೆಯೆಂದು ಕೊಟ್ಟಿದ್ದೀರಿ. ಮಾರಾಟ ಮುಗಿದ ಮೊತ್ತಗಳನ್ನು ಹುಡುಕಿ. ಓಹಾಯೊದ ಚಳಿಗಾಲದಲ್ಲಿ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ನೀರು ಹರಿಯುವ ಪೊಳ್ಳುಗಳ ಗೋಡೆಗಳು ಬಿರಿದಿವೆಯೇ, ಬೋರನ್ನು ಇನ್ನೂ 0.030 ಇಂಚು ಹಿಗ್ಗಿಸುವಷ್ಟು ಲೋಹ ಉಳಿದಿದೆಯೇ ಎಂಬುದನ್ನು ಯಂತ್ರಾಗಾರದಲ್ಲಿ ಪರೀಕ್ಷೆ ಮಾಡಿಸದೆ ಯಾವ ಅಂಕಿಯನ್ನೂ ಬರೆಯಬೇಡಿ. ಕಾರಿನ ಸಂಖ್ಯೆ ಕೊರೆದಿರುವ ಬ್ಲಾಕಿಗೆ ಎಲ್ಲರಿಗಿಂತ ಹೆಚ್ಚು ಕೊಡುವವರು ಆ ಸಂಖ್ಯೆಯ ಕಾರನ್ನು ಇಂದು ಇಟ್ಟುಕೊಂಡಿರುವವರು. ಆ ಒಬ್ಬ ಮಾಲೀಕ ಸಿಗದಿದ್ದರೆ ಬೆಲೆ ಬಹಳ ಇಳಿಯುತ್ತದೆ. ಈ ಹುಡುಕಾಟದಲ್ಲಿ ನಿಮ್ಮ ನಿಧಿಯ ವರ್ಣನೆಗಿಂತ ಎಷ್ಟೋ ಒಳ್ಳೆಯ ಬರಹ ಅಡಗಿದೆ.

ಒಂದು ಸಣ್ಣ ತಿದ್ದುಪಡಿ. ‘ಚಾಲಕನ ಬದಿ’ ಎಂದು ಬರೆಯಬೇಡಿ. ಅಮೆರಿಕದಲ್ಲಿ ಅದು ಎಡ, ನಮ್ಮ ಓದುಗರಿಗೆ ಬಲ. ಸೀಟಿನಲ್ಲಿ ಕೂತು ಮುಂದೆ ನೋಡುವವರ ಎಡ, ಬಲ ಎಂದು ಒಮ್ಮೆ ಹೇಳಿ ಕೊನೆಯವರೆಗೂ ಹಾಗೆಯೇ ಬಳಸಿ.

ಪಟ್ಟಿಯ ಜಿಡ್ಡನ್ನು ದ್ರಾವಕದಿಂದ ಒರೆಸಿ, ಉಜ್ಜುಕಾಗದವನ್ನು ಮಾತ್ರ ಖಂಡಿತ ಮುಟ್ಟಿಸದೆ, ಪಕ್ಕದಿಂದ ಬೆಳಕು ಬೀಳುವಂತೆ ಫೋಟೊ ತೆಗೆದು ಕಳುಹಿಸಿ. ಅಲ್ಲಿ 350ರ ಗುರುತೇ ಇದ್ದರೂ ಲೇಖನವನ್ನು ಮರಳಿ ಬರೆಯಿರಿ. ಅದನ್ನು ಮತ್ತೊಮ್ಮೆ ಓದಲು ನಾನು ಸಿದ್ಧ.

ಇಂತಿ,
ಸಂಪಾದಕ